ಡಿಜಿಟಲ್ ಕ್ಯಾಮೆರಾದ ಮೆನು: ಹೊಸಬರಿಗೆ ಮೊದಲ ಪಾಠ



ಒಂದು ಕಾಲದಲ್ಲಿ ಹಳ್ಳಿಯ ಮನೆಯಲ್ಲಿ ಛಾಯಾಚಿತ್ರ ತೆಗೆಯಬೇಕೆಂದರೆ ಪೇಟೆಯ ಸ್ಟುಡಿಯೋದವರನ್ನೇ ಕರೆತರಬೇಕಿತ್ತು. ಮದುವೆ, ಉಪನಯನ, ಶಾಲೆಯ ವಾರ್ಷಿಕೋತ್ಸವಗಳಿಗೆ ಮಾತ್ರ ಆ ಭಾಗ್ಯ ದೊರೆಯುತ್ತಿತ್ತು. ಒಂದು ರೀಲಿನಲ್ಲಿ ಹಿಡಿಸುತ್ತಿದ್ದುದು 36 ಚಿತ್ರಗಳು. ತೆಗೆದದ್ದು ಸರಿ ಬಂದಿದೆಯೋ ಇಲ್ಲವೋ ಎಂಬುದು ಅದನ್ನು ತೊಳೆದು ಮುದ್ರಿಸಿ ತಂದ ಮೇಲಷ್ಟೇ ತಿಳಿಯುತ್ತಿತ್ತು. ಮೂಡಿಗೆರೆಯ ತೋಟದಲ್ಲಿ ಕುಳಿತು ಹಕ್ಕಿಗಳ ಚಿತ್ರ ತೆಗೆದ ಪೂರ್ಣಚಂದ್ರ ತೇಜಸ್ವಿಯವರಂತಹ ಕೆಲವರು ಆ ಕಾಲದಲ್ಲಿಯೂ ತಾಳ್ಮೆಯಿಂದ ಈ ವಿದ್ಯೆಯನ್ನು ಒಲಿಸಿಕೊಂಡಿದ್ದರು. ಸಾಮಾನ್ಯ ರೈತನಿಗೆ, ಶಾಲೆಯ ಹುಡುಗನಿಗೆ ಅದು ಎಟುಕುವಂತಿರಲಿಲ್ಲ.

ಇಂದು ಪರಿಸ್ಥಿತಿ ಬದಲಾಗಿದೆ. ಬಹುತೇಕ ಮನೆಗಳಲ್ಲಿ ಕ್ಯಾಮೆರಾ ಇರುವ ಮೊಬೈಲ್ ಇದೆ. ಪರಿಸರದ ಕೆಲಸದಲ್ಲಿ ತೊಡಗಿರುವ ಸಂಘಗಳಲ್ಲಿ, ಕಾಲೇಜುಗಳಲ್ಲಿ ಪ್ರತ್ಯೇಕ ಡಿಜಿಟಲ್ ಕ್ಯಾಮೆರಾಗಳೂ ಇವೆ. ಆದರೂ ಒಂದು ಕೊರತೆ ಉಳಿದಿದೆ. ಕ್ಯಾಮೆರಾ ಕೈಗೆ ಬಂದವರು ಗುಂಡಿಯೊತ್ತುವುದನ್ನು ಒಂದೇ ದಿನದಲ್ಲಿ ಕಲಿಯುತ್ತಾರೆ; ಅದರ ಒಳಗಿರುವ ಮೆನುವನ್ನು ಮಾತ್ರ ವರ್ಷಗಟ್ಟಲೆ ತೆರೆಯುವುದಿಲ್ಲ. ಏನಾದರೂ ಕೆಟ್ಟುಹೋದೀತು ಎಂಬ ಅಂಜಿಕೆಯೇ ಇದಕ್ಕೆ ಕಾರಣ. ಈ ಅಂಜಿಕೆಯಿಂದ ಆಗುವ ನಷ್ಟ ಸಣ್ಣದಲ್ಲ.

ಕೊಡಗಿನಲ್ಲಿ 2018ರ ಆಗಸ್ಟಿನಲ್ಲಿ, ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ 2021ರ ಜುಲೈಯಲ್ಲಿ, ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ 2024ರ ಜುಲೈ 16ರಂದು ಗುಡ್ಡಗಳು ಕುಸಿದವು. ಇಂತಹ ದುರಂತದ ಬಳಿಕ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಮೊದಲು ಈ ಇಳಿಜಾರು ಹೇಗಿತ್ತು? ಎಲ್ಲಿ ಬಿರುಕು ಬಿಟ್ಟಿತ್ತು? ಎಲ್ಲಿ ಮಣ್ಣು ತೆಗೆಯಲಾಗಿತ್ತು? ಒರತೆ ಎಂದಿನಿಂದ ಕೆಂಪಾಗಿ ಹರಿಯತೊಡಗಿತು? ಇದಕ್ಕೆ ಉತ್ತರ ಕೊಡಬಲ್ಲ ಚಿತ್ರಗಳು ಊರಿನವರ ಕ್ಯಾಮೆರಾಗಳಲ್ಲಿಯೇ ಇರಬಹುದು. ಆದರೆ ಅದರಲ್ಲಿ ದಿನಾಂಕ ತಪ್ಪಿದ್ದರೆ, ಬಣ್ಣ ಸುಳ್ಳಾಗಿದ್ದರೆ, ಬಿರುಕು ಇರುವಲ್ಲಿ ಮಬ್ಬು ಮಾತ್ರ ಕಾಣುತ್ತಿದ್ದರೆ ಆ ಚಿತ್ರ ಸಾಕ್ಷಿ ನುಡಿಯಲಾರದು. ಈ ಮೂರು ದೋಷಗಳೂ ಹೆಚ್ಚಾಗಿ ಹುಟ್ಟುವುದು ಮೆನುವಿನಲ್ಲಿ. ಅವುಗಳಿಗೆ ಪರಿಹಾರವೂ ಅಲ್ಲಿಯೇ ಇದೆ.

ಮೆನು ಎಂದರೇನು?

ಜಗತ್ತಿನ ಮೊದಲ ಡಿಜಿಟಲ್ ಕ್ಯಾಮೆರಾವನ್ನು ಕೊಡಾಕ್ ಸಂಸ್ಥೆಯ ತಂತ್ರಜ್ಞ ಸ್ಟೀವನ್ ಸ್ಯಾಸನ್ 1975ರಲ್ಲಿ ರೂಪಿಸಿದರು. ಅದರ ತೂಕ ಸುಮಾರು 3.6 ಕಿಲೋ. ಒಂದು ಕಪ್ಪು-ಬಿಳುಪು ಚಿತ್ರವನ್ನು ಕ್ಯಾಸೆಟ್ಟಿಗೆ ದಾಖಲಿಸಲು ಅದು 23 ಸೆಕೆಂಡು ತೆಗೆದುಕೊಳ್ಳುತ್ತಿತ್ತು. ಆ ಚಿತ್ರದಲ್ಲಿದ್ದ ಚುಕ್ಕೆಗಳು 10,000 ಮಾತ್ರ. ಇಂದಿನ ಸಾಧಾರಣ ಕ್ಯಾಮೆರಾ ಕೋಟಿಗೂ ಮೀರಿದ ಚುಕ್ಕೆಗಳನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಹಿಡಿಯುತ್ತದೆ. ಆದರೆ ಮೂಲತತ್ತ್ವ ಬದಲಾಗಿಲ್ಲ. ಲೆನ್ಸಿನ ಮೂಲಕ ಬಂದ ಬೆಳಕು ಒಂದು ಸಂವೇದಕದ ಮೇಲೆ ಬೀಳುತ್ತದೆ. ಪ್ರತಿ ಚುಕ್ಕೆಯ ಮೇಲೆ ಎಷ್ಟು ಬೆಳಕು ಬಿದ್ದಿತೆಂಬುದು ಅಂಕಿಯಾಗುತ್ತದೆ. ಆ ಅಂಕಿಗಳೇ ಚಿತ್ರವಾಗುತ್ತವೆ.

ಈ ಕೆಲಸ ನಡೆಯುವಾಗ ಕ್ಯಾಮೆರಾ ಹಲವು ತೀರ್ಮಾನಗಳನ್ನು ಕೈಗೊಳ್ಳಬೇಕಾಗುತ್ತದೆ. ಎಷ್ಟು ಹೊತ್ತು ಬೆಳಕನ್ನು ಒಳಬಿಡಬೇಕು? ಯಾವುದನ್ನು ಬಿಳಿ ಎಂದು ತಿಳಿಯಬೇಕು? ಯಾವ ವಸ್ತು ಸ್ಪಷ್ಟವಾಗಿರಬೇಕು? ಆಟೋ ಸ್ಥಿತಿಯಲ್ಲಿ ಕ್ಯಾಮೆರಾ ಇದನ್ನೆಲ್ಲ ತಾನೇ ಊಹಿಸಿಕೊಳ್ಳುತ್ತದೆ. ಆ ಊಹೆ ಪೇಟೆಯ ಬೀದಿಯಲ್ಲಿ, ಬಯಲಿನ ಬಿಸಿಲಿನಲ್ಲಿ ಬಹುಮಟ್ಟಿಗೆ ಸರಿಹೋಗುತ್ತದೆ. ಕಾನಿನ ಕತ್ತಲಲ್ಲಿ, ಆಷಾಢದ ಮಳೆಯಲ್ಲಿ, ಬೆಟ್ಟದ ಮಂಜಿನಲ್ಲಿ ಪದೇಪದೇ ತಪ್ಪುತ್ತದೆ. ಕ್ಯಾಮೆರಾದ ಊಹೆಯನ್ನು ಮನುಷ್ಯ ತಿದ್ದುವುದಕ್ಕೆಂದು ಇಟ್ಟಿರುವ ಪಟ್ಟಿಯೇ ಮೆನು.

ಬಹುತೇಕ ಕ್ಯಾಮೆರಾಗಳಲ್ಲಿ ಮೆನು ಮೂರು ಮುಖ್ಯ ಭಾಗಗಳಾಗಿ ಹಂಚಿಹೋಗಿರುತ್ತದೆ. ಪುಟ್ಟ ಕ್ಯಾಮೆರಾದ ಗುರುತು ಇರುವ ಭಾಗ ಚಿತ್ರ ತೆಗೆಯುವುದಕ್ಕೆ ಸಂಬಂಧಿಸಿದ್ದು. ಬಲಕ್ಕೆ ತಿರುಗಿದ ತ್ರಿಕೋನದ ಗುರುತು ತೆಗೆದ ಚಿತ್ರಗಳನ್ನು ನೋಡುವುದಕ್ಕೆ. ಸ್ಪ್ಯಾನರಿನ ಗುರುತು ಕ್ಯಾಮೆರಾದ ಸ್ವಂತ ವ್ಯವಸ್ಥೆಗೆ: ದಿನಾಂಕ, ಭಾಷೆ, ಸದ್ದು, ಕಾರ್ಡು ಇತ್ಯಾದಿ. ಅಡುಗೆಮನೆಯ ಯಾವ ಡಬ್ಬಿಯಲ್ಲಿ ಏನಿದೆ ಎಂಬುದು ಮನೆಯವರಿಗೆ ಹೇಗೆ ಗೊತ್ತಿರುತ್ತದೆಯೋ ಹಾಗೆ ಈ ಮೂರು ಭಾಗಗಳ ಪರಿಚಯವಾದರೆ ಸಾಕು. ಒಳಗಿರುವ ಪ್ರತಿಯೊಂದು ಸಾಲನ್ನೂ ಬಾಯಿಪಾಠ ಮಾಡಬೇಕಿಲ್ಲ. ಇಂಗ್ಲಿಷ್ ಕಷ್ಟವೆನಿಸುವ ಹಿರಿಯರು ಈ ಗುರುತುಗಳನ್ನೇ ನೆನಪಿಟ್ಟುಕೊಳ್ಳಬಹುದು.

ಕೆಟ್ಟುಹೋದೀತು ಎಂಬ ಭಯಕ್ಕೆ ಒಂದು ಸ್ಪಷ್ಟ ಉತ್ತರವಿದೆ. ಮೆನುವಿನಲ್ಲಿ ಮಾಡಿದ ಬದಲಾವಣೆಗಳಲ್ಲಿ ಹೆಚ್ಚುಕಡಿಮೆ ಎಲ್ಲವನ್ನೂ ಹಿಂದಕ್ಕೆ ತರಬಹುದು. ಎಲ್ಲವೂ ಅಯೋಮಯವಾದಾಗ ‘ರೀಸೆಟ್’ ಎಂಬ ಆಯ್ಕೆ ಕ್ಯಾಮೆರಾವನ್ನು ಅಂಗಡಿಯಿಂದ ತಂದ ದಿನದ ಸ್ಥಿತಿಗೆ ಒಯ್ಯುತ್ತದೆ. ಅದರಿಂದ ಕಾರ್ಡಿನಲ್ಲಿರುವ ಚಿತ್ರಗಳು ಅಳಿಯುವುದಿಲ್ಲ. ಎಚ್ಚರದಿಂದ ಇರಬೇಕಾದದ್ದು ಎರಡೇ ಪದಗಳ ಬಗ್ಗೆ. ಒಂದು ‘ಡಿಲೀಟ್’ ಅಥವಾ ‘ಇರೇಸ್’, ಇನ್ನೊಂದು ‘ಫಾರ್ಮ್ಯಾಟ್’. ಮೊದಲನೆಯದು ಚಿತ್ರವನ್ನು ಅಳಿಸುತ್ತದೆ. ಎರಡನೆಯದು ಇಡೀ ಕಾರ್ಡನ್ನೇ ಬರಿದು ಮಾಡುತ್ತದೆ. ಈ ಎರಡನ್ನು ಬಿಟ್ಟರೆ ಉಳಿದೆಡೆ ಮಕ್ಕಳೂ ನಿರ್ಭಯವಾಗಿ ಕೈಯಾಡಿಸಬಹುದು. ಅಕಸ್ಮಾತ್ ಚಿತ್ರಗಳು ಅಳಿದುಹೋದರೆ ಆ ಕಾರ್ಡಿನಲ್ಲಿ ಮತ್ತೊಂದು ಚಿತ್ರವನ್ನೂ ತೆಗೆಯದೆ ತಿಳಿದವರ ಬಳಿಗೆ ಒಯ್ಯಬೇಕು. ಮೇಲೆ ಹೊಸ ಚಿತ್ರ ಬರೆಯದಿದ್ದರೆ ಹಳೆಯದನ್ನು ಮರಳಿ ಪಡೆಯುವುದು ಎಷ್ಟೋ ಸಲ ಸಾಧ್ಯವಾಗುತ್ತದೆ.

ಮೊದಲು ದಿನಾಂಕ

ಹೊಸಬರು ಮೊತ್ತಮೊದಲು ತೆರೆಯಬೇಕಾದದ್ದು ಸ್ಪ್ಯಾನರ್ ಗುರುತಿನ ಭಾಗದಲ್ಲಿರುವ ದಿನಾಂಕ ಮತ್ತು ಸಮಯ. ಡಿಜಿಟಲ್ ಚಿತ್ರದೊಂದಿಗೆ ಕಣ್ಣಿಗೆ ಕಾಣದ ಒಂದು ಟಿಪ್ಪಣಿಯೂ ಉಳಿಯುತ್ತದೆ. ಇದಕ್ಕೆ ‘ಎಕ್ಸಿಫ್’ ಎಂದು ಹೆಸರು. ಚಿತ್ರ ತೆಗೆದ ದಿನ, ಗಂಟೆ, ನಿಮಿಷ, ಕ್ಯಾಮೆರಾದ ಮಾದರಿ, ಶಟರಿನ ವೇಗ ಎಲ್ಲವೂ ಅದರಲ್ಲಿರುತ್ತವೆ. ಆದರೆ ಕ್ಯಾಮೆರಾಕ್ಕೆ ತಿಥಿ-ವಾರದ ಅರಿವಿಲ್ಲ. ಹೇಳಿಕೊಟ್ಟದ್ದನ್ನೇ ಅದು ಬರೆಯುತ್ತದೆ.

ಮಲೆನಾಡಿನಲ್ಲಿ ಇದಕ್ಕೊಂದು ವಿಶೇಷ ತೊಡಕಿದೆ. ಮಳೆಗಾಲದಲ್ಲಿ ಹಲವರು ಬ್ಯಾಟರಿ ತೆಗೆದು ಕ್ಯಾಮೆರಾವನ್ನು ಪೆಟ್ಟಿಗೆಯಲ್ಲಿಡುತ್ತಾರೆ. ಅನೇಕ ಕ್ಯಾಮೆರಾಗಳ ಒಳಗಿನ ಗಡಿಯಾರಕ್ಕೆ ಪುಟ್ಟದೊಂದು ಪ್ರತ್ಯೇಕ ಬ್ಯಾಟರಿ ಇರುತ್ತದೆ. ಅದು ಶಕ್ತಿ ಪಡೆಯುವುದು ದೊಡ್ಡ ಬ್ಯಾಟರಿಯಿಂದಲೇ. ದೊಡ್ಡ ಬ್ಯಾಟರಿ ಬಹುಕಾಲ ಇಲ್ಲದಿದ್ದರೆ ಗಡಿಯಾರ ನಿಂತುಹೋಗಿ, ದಿನಾಂಕ ಹಿಂದಿನ ಯಾವುದೋ ವರ್ಷದ ಜನವರಿ 1ಕ್ಕೆ ಮರಳುತ್ತದೆ. ಮುಂದೆ ಗುಡ್ಡದ ಬಿರುಕಿನ ಚಿತ್ರ ತೆಗೆದಾಗ ಅದರ ಮೇಲೆ ಹಲವು ವರ್ಷ ಹಿಂದಿನ ದಿನಾಂಕ ಬಿದ್ದಿರುತ್ತದೆ. ಅಧಿಕಾರಿಗಳ ಮುಂದೆ ಅದನ್ನಿಟ್ಟರೆ ಇಡೀ ದಾಖಲೆಯ ಮೇಲೆಯೇ ಅನುಮಾನ ಹುಟ್ಟುತ್ತದೆ. ಆದ್ದರಿಂದ ಕ್ಯಾಮೆರಾವನ್ನು ಹೊರತೆಗೆದಾಗಲೆಲ್ಲ ಮೊಬೈಲಿನ ಸಮಯದೊಂದಿಗೆ ತಾಳೆ ನೋಡುವುದು ಅಭ್ಯಾಸವಾಗಬೇಕು. ಹಲವರು ಸೇರಿ ಒಂದೇ ಕಣಿವೆಯನ್ನು ದಾಖಲಿಸುವಾಗ ಎಲ್ಲರ ಕ್ಯಾಮೆರಾಗಳೂ ಒಂದೇ ಸಮಯವನ್ನು ತೋರಬೇಕು.

ಇದೇ ಹೊತ್ತಿಗೆ ಇನ್ನೆರಡು ಕೆಲಸ ಮುಗಿಸಬಹುದು. ಚಿತ್ರದ ಗಾತ್ರವನ್ನು ‘ಲಾರ್ಜ್’ ಎಂದೂ ಗುಣಮಟ್ಟವನ್ನು ‘ಫೈನ್’ ಎಂದೂ ಇಡಬೇಕು. ಕಾರ್ಡಿನಲ್ಲಿ ಜಾಗ ಉಳಿಸಲೆಂದು ಚಿಕ್ಕ ಗಾತ್ರ ಆರಿಸಿದರೆ ಕಳೆದುಹೋದ ವಿವರ ಮುಂದೆ ಯಾವ ಯಂತ್ರದಿಂದಲೂ ಮರಳಿ ಬಾರದು. ಎರಡನೆಯದಾಗಿ ‘ಡಿಜಿಟಲ್ ಝೂಮ್’ ಎಂಬ ಆಯ್ಕೆಯನ್ನು ಮುಚ್ಚಬೇಕು. ಲೆನ್ಸು ಚಲಿಸಿ ದೂರದ ವಸ್ತುವನ್ನು ಹತ್ತಿರಕ್ಕೆ ತರುವುದು ನಿಜವಾದ ಝೂಮ್. ಡಿಜಿಟಲ್ ಝೂಮ್ ಚಿತ್ರದ ನಡುಭಾಗವನ್ನು ಕತ್ತರಿಸಿ ಹಿಗ್ಗಿಸುತ್ತದೆ, ಅಷ್ಟೇ. ಅದರಿಂದ ಹೊಸ ವಿವರವೇನೂ ದೊರೆಯುವುದಿಲ್ಲ.

ಬೆಳಕಿನ ಮೂರು ಲೆಕ್ಕ

ಮೆನುವಿನಲ್ಲಿ ಹೊಸಬರನ್ನು ಹೆಚ್ಚು ಹೆದರಿಸುವುದು ಅಪರ್ಚರ್, ಶಟರ್, ಐಎಸ್‌ಒ ಎಂಬ ಮೂರು ಪದಗಳು. ಅಂಗಳದ ನಲ್ಲಿಯಿಂದ ಕೊಡ ತುಂಬಿಸುವುದನ್ನು ಬಲ್ಲವರಿಗೆ ಇವು ಕಷ್ಟವಲ್ಲ. ನಲ್ಲಿಯನ್ನು ಎಷ್ಟು ತೆರೆದಿದೆ ಎಂಬುದು ಅಪರ್ಚರ್. ಎಷ್ಟು ಹೊತ್ತು ತೆರೆದಿಡಲಾಗಿದೆ ಎಂಬುದು ಶಟರ್. ಎಷ್ಟು ನೀರಿಗೆ ಕೊಡ ತುಂಬಿತೆಂದು ಎಣಿಸಬೇಕು ಎಂಬುದು ಐಎಸ್‌ಒ. ಕೊಡ ಚಿಕ್ಕದಾದಷ್ಟೂ ಬೇಗ ತುಂಬುತ್ತದೆ. ಐಎಸ್‌ಒ ಸಂಖ್ಯೆ ಏರಿದಷ್ಟೂ ಕಡಿಮೆ ಬೆಳಕು ಸಾಕಾಗುತ್ತದೆ.

ಅಪರ್ಚರಿನ ಸಂಖ್ಯೆ ಹೊಸಬರಿಗೆ ಉಲ್ಟಾ ಎನಿಸುತ್ತದೆ. 2.8 ಎಂದರೆ ದೊಡ್ಡ ಕಿಂಡಿ, 11 ಎಂದರೆ ಸಣ್ಣ ಕಿಂಡಿ. ದೊಡ್ಡ ಕಿಂಡಿಯಲ್ಲಿ ಬೆಳಕು ಹೆಚ್ಚು ಬರುತ್ತದೆ, ಆದರೆ ಮುಂದಿನ ಹೂವು ಮಾತ್ರ ಸ್ಪಷ್ಟವಾಗಿ ಹಿಂದಿನ ಗಿಡ ಮಸುಕಾಗುತ್ತದೆ. ಸಣ್ಣ ಕಿಂಡಿಯಲ್ಲಿ ಹತ್ತಿರದ ಬಂಡೆಯಿಂದ ದೂರದ ಬೆಟ್ಟದವರೆಗೆ ಎಲ್ಲವೂ ಸ್ಪಷ್ಟವಾಗಿ ಮೂಡುತ್ತದೆ. ಇಳಿಜಾರಿನ ದಾಖಲೆಗೆ 8 ಅಥವಾ 11 ಯೋಗ್ಯ.

ಶಟರಿನ ಸಂಖ್ಯೆ ಸೆಕೆಂಡಿನ ಭಾಗವನ್ನು ಸೂಚಿಸುತ್ತದೆ. 125 ಎಂದರೆ ಸೆಕೆಂಡಿನ 125ನೇ ಒಂದು ಭಾಗ. ಕೈಯಲ್ಲಿ ಹಿಡಿದು ತೆಗೆಯುವಾಗ 60ಕ್ಕಿಂತ ನಿಧಾನವಾದರೆ ಕೈನಡುಕ ಚಿತ್ರದಲ್ಲಿ ಕಾಣಿಸಿಕೊಳ್ಳುವ ಸಂಭವ ಹೆಚ್ಚು. ದೂರದ ಹಕ್ಕಿಗೆ ಲೆನ್ಸನ್ನು ಉದ್ದ ಮಾಡಿದಷ್ಟೂ ನಡುಕವೂ ದೊಡ್ಡದಾಗುತ್ತದೆ. ಆಗ 500 ಅಥವಾ ಅದಕ್ಕೂ ವೇಗದ ಶಟರ್ ಬೇಕು.

ಐಎಸ್‌ಒ 100, 200, 400, 800, 1600 ಎಂದು ಇಮ್ಮಡಿಯಾಗುತ್ತ ಹೋಗುತ್ತದೆ. ಒಂದೊಂದು ಮೆಟ್ಟಿಲಿಗೆ ಬೇಕಾಗುವ ಬೆಳಕು ಅರ್ಧಕ್ಕಿಳಿಯುತ್ತದೆ. ಇದಕ್ಕೆ ತೆರಬೇಕಾದ ಬೆಲೆ ಎಂದರೆ ಚಿತ್ರದಲ್ಲಿ ಮರಳು ಎರಚಿದಂತೆ ಕಾಣುವ ಚುಕ್ಕೆಗಳು. ಬಿಸಿಲಿನ ಗದ್ದೆಯಲ್ಲಿ 100 ಸಾಕು. ರಾಮಪತ್ರೆಯ ಜಡ್ಡಿಯಲ್ಲಿ, ಮಳೆಗಾಲದ ಕಾನಿನಲ್ಲಿ ಮಧ್ಯಾಹ್ನವೂ ಮುಸ್ಸಂಜೆಯಂತಿರುತ್ತದೆ. ಅಲ್ಲಿ 800 ಅಥವಾ 1600 ಬೇಕಾಗುತ್ತದೆ. ಸ್ವಲ್ಪ ಚುಕ್ಕೆಗಳಿರುವ ಸ್ಪಷ್ಟ ಚಿತ್ರದಿಂದ ಕಪ್ಪೆಯ ಜಾತಿಯನ್ನು ಗುರುತಿಸಬಹುದು. ಚುಕ್ಕೆಯಿಲ್ಲದಿದ್ದರೂ ಕದಲಿದ ಚಿತ್ರದಿಂದ ಆ ಕೆಲಸವಾಗದು.

ಮೂರನ್ನೂ ಒಮ್ಮೆಗೇ ಸಂಭಾಳಿಸುವ ಅವಸರ ಬೇಡ. ಆಟೋವನ್ನು ಬಿಟ್ಟು ಮೊದಲು ‘ಪಿ’ ಎಂಬ ಸ್ಥಿತಿಗೆ ಬರುವುದು ಒಳ್ಳೆಯದು. ಅಲ್ಲಿ ಕಿಂಡಿ ಮತ್ತು ವೇಗವನ್ನು ಕ್ಯಾಮೆರಾ ನೋಡಿಕೊಳ್ಳುತ್ತದೆ. ಐಎಸ್‌ಒ, ಬಣ್ಣ, ಫ್ಲ್ಯಾಶ್‌ಗಳ ಹಿಡಿತ ಮನುಷ್ಯನ ಕೈಗೆ ಬರುತ್ತದೆ. ಕೆಲವು ವಾರಗಳ ಬಳಿಕ ಕಿಂಡಿಯನ್ನು ತಾನೇ ಆರಿಸುವ ಸ್ಥಿತಿಗೆ ಹೋಗಬಹುದು. ನಿಕಾನ್, ಸೋನಿ ಕ್ಯಾಮೆರಾಗಳಲ್ಲಿ ಅದರ ಗುರುತು ‘ಎ’, ಕೆನಾನ್‌ನಲ್ಲಿ ‘ಎವಿ’.

ಬಣ್ಣದ ಸತ್ಯ

ರೈತರ ಪಾಲಿಗೆ ಮೆನುವಿನಲ್ಲಿ ಅತ್ಯಂತ ಮಹತ್ತ್ವದ ಆಯ್ಕೆ ‘ವೈಟ್ ಬ್ಯಾಲೆನ್ಸ್’. ಬೆಳಕಿಗೂ ಬಣ್ಣವಿದೆ. ಹಳೆಯ ಬಲ್ಬಿನ ಬೆಳಕು ಕೆಂಪು-ಹಳದಿ. ನಡುಹಗಲ ಬಿಸಿಲು ಹೆಚ್ಚುಕಡಿಮೆ ಬಿಳಿ. ಮೋಡದ, ನೆರಳಿನ ಬೆಳಕು ನೀಲಿಯತ್ತ ವಾಲಿದ್ದು. ಇದನ್ನು ಕೆಲ್ವಿನ್ ಎಂಬ ಮಾನದಲ್ಲಿ ಅಳೆಯುತ್ತಾರೆ: ಬಲ್ಬಿಗೆ ಸುಮಾರು 2,800, ಬಿಸಿಲಿಗೆ ಸುಮಾರು 5,500, ನೆರಳಿಗೆ 7,000 ಅಥವಾ ಹೆಚ್ಚು. ಮನುಷ್ಯನ ಕಣ್ಣು ಮತ್ತು ಮಿದುಳು ಈ ವ್ಯತ್ಯಾಸವನ್ನು ತಾವಾಗಿಯೇ ಸರಿದೂಗಿಸಿಕೊಳ್ಳುತ್ತವೆ. ಕ್ಯಾಮೆರಾಕ್ಕೆ ಮಾತ್ರ ಹೇಳಿಕೊಡಬೇಕು.

ಅಡಿಕೆ ತೋಟದ ಉದಾಹರಣೆಯನ್ನೇ ನೋಡಬಹುದು. ಸೋಗೆ ಹಳದಿಯಾಗುವುದಕ್ಕೆ ಕಾರಣಗಳು ಹಲವು. ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿಯಿಂದ ಬರುವ ಹಳದಿ ಎಲೆ ರೋಗದಲ್ಲಿ ಹೊರಸುತ್ತಿನ ಸೋಗೆಗಳ ಎಸಳುಗಳು ತುದಿಯಿಂದ ಹಳದಿಯಾಗುತ್ತ ಬರುತ್ತವೆ, ನಡುನರದ ಬಳಿ ಹಸಿರು ಉಳಿದಿರುತ್ತದೆ. ಸಾರಜನಕದ ಕೊರತೆಯಲ್ಲಿ ಹಳೆಯ ಸೋಗೆಗಳು ಒಂದೇ ಸಮನಾಗಿ ಬಿಳಿಚಿಕೊಳ್ಳುತ್ತವೆ. ಎಲೆಚುಕ್ಕೆ ರೋಗದಲ್ಲಿ ಕಂದು ಚುಕ್ಕೆಗಳ ಸುತ್ತ ಹಳದಿ ಉಂಗುರ ಕಾಣುತ್ತದೆ. ಇವುಗಳಲ್ಲಿ ಯಾವುದೆಂದು ತಿಳಿಯಲು ರೈತರು ತಜ್ಞರಿಗೆ ಚಿತ್ರ ಕಳುಹಿಸುತ್ತಾರೆ. ತೋಟದೊಳಗಿನ ಬೆಳಕು ಎಲೆಗಳನ್ನು ಹಾಯ್ದು ಬಂದದ್ದು, ಹಸಿರು ಛಾಯೆಯದ್ದು. ಅದನ್ನು ಸರಿದೂಗಿಸಲು ಹೊರಟ ಕ್ಯಾಮೆರಾದ ಆಟೋ ವ್ಯವಸ್ಥೆ ಒಮ್ಮೊಮ್ಮೆ ಅತಿಯಾಗಿ ಕೆಂಪು-ನೇರಳೆ ಬೆರೆಸಿಬಿಡುತ್ತದೆ. ‘ನೆರಳು’ ಎಂಬ ಆಯ್ಕೆ ಮರೆತು ಉಳಿದುಹೋಗಿದ್ದರೆ ಬಿಸಿಲಿನಲ್ಲಿ ತೆಗೆದ ಆರೋಗ್ಯವಂತ ಸೋಗೆಯೂ ಹಳದಿಯಾಗಿ ಕಾಣುತ್ತದೆ. ತಪ್ಪು ಬಣ್ಣ ತಪ್ಪು ಸಲಹೆಗೆ, ತಪ್ಪು ಸಲಹೆ ಅನಗತ್ಯ ಔಷಧಿಗೆ, ಅದು ಕೊನೆಗೆ ಹಳ್ಳದ ನೀರಿಗೆ ಸೇರುತ್ತದೆ. ಮೆನುವಿನ ಒಂದು ಸಾಲಿಗೂ ಹಳ್ಳದ ಮೀನಿಗೂ ಹೀಗೆ ಸಂಬಂಧವಿದೆ.

ಪರಿಹಾರ ಸರಳವಾದುದು. ಎಲೆಯ ಪಕ್ಕದಲ್ಲಿ ಒಂದು ಬಿಳಿ ಕಾಗದವನ್ನಿಟ್ಟು ಚಿತ್ರ ತೆಗೆಯಬೇಕು. ಕಾಗದ ಬಿಳಿಯಾಗಿಯೇ ಕಂಡರೆ ಎಲೆಯ ಬಣ್ಣವನ್ನೂ ನಂಬಬಹುದು. ಕಾಣದಿದ್ದರೆ ‘ಕಸ್ಟಮ್’ ಅಥವಾ ‘ಪ್ರೀಸೆಟ್’ ಎಂಬ ಆಯ್ಕೆಗೆ ಹೋಗಿ, ಅದೇ ಬೆಳಕಿನಲ್ಲಿ ಹಿಡಿದ ಕಾಗದವನ್ನು ತೋರಿಸಿ, ‘ಇದೇ ಬಿಳಿ’ ಎಂದು ಕ್ಯಾಮೆರಾಕ್ಕೆ ಕಲಿಸಬೇಕು. ಚಿತ್ರ ನೋಡುವ ತಜ್ಞರಿಗೂ ಆ ಕಾಗದ ಅಳತೆಗೋಲಾಗುತ್ತದೆ. ಕಾಗದದ ಬದಿಗೆ ಒಂದು ಸ್ಕೇಲು ಇಟ್ಟರೆ ಚುಕ್ಕೆಯ ಗಾತ್ರವೂ ತಿಳಿಯುತ್ತದೆ.

ಮಂಜು, ಅಣಬೆ, ಬೆಳ್ಳಕ್ಕಿ

ಕ್ಯಾಮೆರಾ ಬೆಳಕನ್ನು ಅಳೆಯುವಾಗ ಲೋಕವೆಲ್ಲ ಸರಾಸರಿಯಲ್ಲಿ ಬೂದುಬಣ್ಣದ್ದು ಎಂದು ಭಾವಿಸುತ್ತದೆ. ಆದ್ದರಿಂದ ಚಿತ್ರದ ತುಂಬ ಬಿಳಿ ಮಂಜಿದ್ದರೆ ಅದನ್ನು ಬೂದಿಯಂತೆ ಮಂಕಾಗಿಸುತ್ತದೆ. ಕಪ್ಪು ತರಗೆಲೆಗಳ ನಡುವೆ ಒಂದು ಬಿಳಿ ಅಣಬೆಯಿದ್ದರೆ, ಕತ್ತಲನ್ನು ಬೆಳಗಿಸಲು ಹೋಗಿ ಅಣಬೆಯ ಗೆರೆಗಳೆಲ್ಲ ಅಳಿಸಿಹೋಗುವಷ್ಟು ಬಿಳುಪಾಗಿಸುತ್ತದೆ. ಕಪ್ಪು ಕೆಸರಿನ ಗದ್ದೆಯಲ್ಲಿ ನಿಂತ ಬೆಳ್ಳಕ್ಕಿಗೂ ಇದೇ ಗತಿ.

ಇದನ್ನು ತಿದ್ದುವುದಕ್ಕೆ ಕೂಡು-ಕಳೆ ಎರಡೂ ಒಟ್ಟಿಗಿರುವ ಒಂದು ಗುರುತಿದೆ. ಇದನ್ನು ‘ಎಕ್ಸ್‌ಪೋಶರ್ ಕಾಂಪೆನ್ಸೇಶನ್’ ಎನ್ನುತ್ತಾರೆ. ಮಂಜು ತುಂಬಿದ ಕಣಿವೆಗೆ ಕೂಡು 1ರತ್ತ, ಕತ್ತಲಲ್ಲಿರುವ ಬಿಳಿ ಅಣಬೆಗೆ ಕಳೆ 1ರತ್ತ ಸರಿಸಿ ತೆಗೆದು ನೋಡಬೇಕು. ಚಿತ್ರ ತಕ್ಷಣ ಪರದೆಯ ಮೇಲೆ ಕಾಣುವುದರಿಂದ ಇಲ್ಲಿ ಪ್ರಯೋಗಕ್ಕೆ ಖರ್ಚಿಲ್ಲ. ಕೆಲಸ ಮುಗಿದೊಡನೆ ಸೊನ್ನೆಗೆ ತರುವುದನ್ನು ಮಾತ್ರ ಮರೆಯಬಾರದು.

ಫೋಕಸ್ ವಿಷಯದಲ್ಲಿಯೂ ಆಟೋ ಸ್ಥಿತಿ ಹಲವೊಮ್ಮೆ ಮೋಸ ಮಾಡುತ್ತದೆ. ಪೊದೆಯೊಳಗಿನ ಹಕ್ಕಿಯನ್ನು ಬಿಟ್ಟು ಮುಂದಿನ ಕಡ್ಡಿಯನ್ನು ಹಿಡಿಯುತ್ತದೆ. ಆಗ ಫೋಕಸ್ ಬಿಂದುವನ್ನು ‘ಸಿಂಗಲ್’ ಎಂದಿಟ್ಟು ನಡುವಿನ ಚೌಕವನ್ನು ಬೇಕಾದ ವಸ್ತುವಿನ ಮೇಲೆ ತರಬೇಕು. ಶಟರ್ ಗುಂಡಿಯನ್ನು ಅರ್ಧ ಒತ್ತಿ, ಚೌಕ ಹಸಿರಾದುದನ್ನು ನೋಡಿ, ಬಳಿಕ ಪೂರ್ತಿ ಒತ್ತಬೇಕು. ಒಂದೇ ಏಟಿಗೆ ಒತ್ತುವುದೇ ಹೊಸಬರ ಮಸುಕು ಚಿತ್ರಗಳಿಗೆ ದೊಡ್ಡ ಕಾರಣ. ಎಲೆಯ ಅಡಿಯ ಕೀಟ, ಗಂಟುಬಿದ್ದ ಮೆಣಸಿನ ಬೇರುಗಳಿಗೆ ಹೂವಿನ ಗುರುತಿರುವ ‘ಮ್ಯಾಕ್ರೋ’ ಸ್ಥಿತಿಯನ್ನು ಬಳಸಬಹುದು.

ಕಾಡಿಗೆ ಹೋಗುವ ಮುನ್ನ ಮುಚ್ಚಬೇಕಾದವು

ತೆರೆಯಬೇಕಾದ ಆಯ್ಕೆಗಳಂತೆಯೇ ಮುಚ್ಚಬೇಕಾದ ಆಯ್ಕೆಗಳೂ ಇವೆ. ಫ್ಲ್ಯಾಶ್, ಕ್ಯಾಮೆರಾದ ಸದ್ದು, ಕತ್ತಲಲ್ಲಿ ಫೋಕಸ್ಸಿಗೆಂದು ತಾನೇ ಉರಿಯುವ ಪುಟ್ಟ ದೀಪ — ಈ ಮೂರನ್ನೂ ಮೆನುವಿನಲ್ಲಿ ನಿಲ್ಲಿಸಿಯೇ ಕಾಡಿಗೆ ಕಾಲಿಡಬೇಕು. ಗೂಡಿನಲ್ಲಿರುವ ಹಕ್ಕಿಗೆ, ರಾತ್ರಿ ಕೂಗುವ ಕಪ್ಪೆಗೆ ಚಿತ್ರದ ಹಂಗಿಲ್ಲ.

ಜಿಪಿಎಸ್ ವಿಷಯದಲ್ಲಿ ವಿವೇಚನೆ ಬೇಕು. ಕುಸಿದ ಗುಡ್ಡ, ಕಲುಷಿತವಾದ ಹಳ್ಳ, ರೋಗಪೀಡಿತ ತೋಟಗಳ ಚಿತ್ರಕ್ಕೆ ಸ್ಥಳದ ಗುರುತು ಬಲ ಕೊಡುತ್ತದೆ. ಅಲ್ಲಿ ಅದು ತೆರೆದಿರಲಿ. ಆದರೆ ಮಂಗಟ್ಟೆಯ ಗೂಡು, ಚಿಪ್ಪುಹಂದಿಯ ಬಿಲ, ಗಂಧದ ಮರ, ಅಪರೂಪದ ಸೀತಾಳೆ ದಂಡೆಗಳ ಚಿತ್ರದೊಳಗೆ ಅಡಗಿರುವ ಅಕ್ಷಾಂಶ-ರೇಖಾಂಶ ಕಳ್ಳರಿಗೆ ದಾರಿ ತೋರುವ ಕೈಮರವಾಗುತ್ತದೆ. ಅಲ್ಲಿ ಜಿಪಿಎಸ್ ಮುಚ್ಚಿರಬೇಕು. ಸ್ಥಳದ ವಿವರ ಸಂಘದ ಪುಸ್ತಕದಲ್ಲಿದ್ದರೆ ಸಾಕು. 2002ರ ಜೀವವೈವಿಧ್ಯ ಕಾಯ್ದೆಯಡಿ ಪಂಚಾಯ್ತಿ ಮಟ್ಟದ ಸಮಿತಿಗಳು ಜೀವವೈವಿಧ್ಯ ದಾಖಲೆ ಸಿದ್ಧಪಡಿಸುವಾಗಲೂ ಈ ಎಚ್ಚರ ಅಗತ್ಯ.

ಮೂಲವನ್ನು ಕಾಪಾಡುವುದು

ಅಮೆರಿಕದಲ್ಲಿ ಕಾರ್ಲ್‌ಟನ್ ವಾಟ್ಕಿನ್ಸ್ ಎಂಬ ಛಾಯಾಗ್ರಾಹಕ 1861ರಲ್ಲಿ ಯೋಸೆಮಿಟಿ ಕಣಿವೆಯ ಚಿತ್ರಗಳನ್ನು ದೊಡ್ಡ ಗಾಜಿನ ಹಲಗೆಗಳ ಮೇಲೆ ತೆಗೆದ. ಆ ಕಣಿವೆಯನ್ನು ಎಂದೂ ಕಂಡಿರದ ರಾಜಧಾನಿಯ ಜನರಿಗೆ ಅದರ ಪರಿಚಯವಾಗುವಲ್ಲಿ ಅವು ನೆರವಾದವು. 1864ರಲ್ಲಿ ಕಣಿವೆಯ ರಕ್ಷಣೆಗೆ ಅಧ್ಯಕ್ಷ ಲಿಂಕನ್ ಅಂಕಿತ ಹಾಕಿದರು. ಗಾಜಿನ ಹಲಗೆಯನ್ನು ತಿದ್ದುವುದು ಸುಲಭವಲ್ಲ. ಡಿಜಿಟಲ್ ಚಿತ್ರವನ್ನು ಶಾಲೆಯ ಮಕ್ಕಳೂ ತಿದ್ದಬಲ್ಲರು. ಆದ್ದರಿಂದಲೇ ಇಂದು ಮೂಲಚಿತ್ರದ ಬೆಲೆ ಹೆಚ್ಚಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮು, ವಿದ್ಯುನ್ಮಾನ ದಾಖಲೆಯನ್ನು ನ್ಯಾಯಾಲಯದ ಮುಂದಿಡುವಾಗ ನಿಗದಿತ ಪ್ರಮಾಣಪತ್ರ ಬೇಕೆನ್ನುತ್ತದೆ. ಯಾವ ಕ್ಯಾಮೆರಾದಲ್ಲಿ ಯಾರು ಎಂದು ತೆಗೆದರೆಂಬ ಸ್ಪಷ್ಟತೆ ಇಲ್ಲದಿದ್ದರೆ ಮುಂದಿನ ದಾರಿ ಕಠಿಣವಾಗುತ್ತದೆ.

ಆದ್ದರಿಂದ ಕೆಲವು ಕಟ್ಟುಪಾಡುಗಳನ್ನು ಪಾಲಿಸಬೇಕು. ಕಾರ್ಡಿನಿಂದ ಚಿತ್ರಗಳನ್ನು ಕನಿಷ್ಠ ಎರಡು ಕಡೆ ನಕಲು ಮಾಡಿಕೊಂಡ ಮೇಲಷ್ಟೇ ಫಾರ್ಮ್ಯಾಟ್ ಮಾಡಬೇಕು. ಅದನ್ನು ಕ್ಯಾಮೆರಾದಲ್ಲಿಯೇ ಮಾಡಬೇಕು. ಕಡತದ ಸಂಖ್ಯೆಯನ್ನು ಮೆನುವಿನಲ್ಲಿ ‘ಕಂಟಿನ್ಯೂಯಸ್’ ಎಂದಿಡಬೇಕು. ಇಲ್ಲವಾದರೆ ಪ್ರತಿ ಸಲವೂ ಒಂದರಿಂದ ಆರಂಭವಾಗಿ, ಒಂದೇ ಹೆಸರಿನ ಎರಡು ಚಿತ್ರಗಳಲ್ಲಿ ಒಂದು ಇನ್ನೊಂದನ್ನು ಅಳಿಸೀತು. ಬೆಳಕು ಹೆಚ್ಚಿಸುವುದು, ಕತ್ತರಿಸುವುದು ಏನಿದ್ದರೂ ನಕಲಿನಲ್ಲಿ ಮಾತ್ರ. ವಾಟ್ಸ್‌ಆ್ಯಪಿನಲ್ಲಿ ಚಿತ್ರವನ್ನು ಸಾಮಾನ್ಯ ರೀತಿಯಲ್ಲಿ ಕಳುಹಿಸಿದರೆ ಅದು ಕುಗ್ಗುತ್ತದೆ, ಒಳಗಿನ ಟಿಪ್ಪಣಿಯೂ ಕಳಚಿಹೋಗುತ್ತದೆ. ‘ಡಾಕ್ಯುಮೆಂಟ್’ ಎಂದು ಕಳುಹಿಸಿದರೆ ಎರಡೂ ಉಳಿಯುತ್ತವೆ.

ಅಭ್ಯಾಸದ ಕ್ರಮ

ಈಜನ್ನು ದಡದಲ್ಲಿ ಕುಳಿತು ಕಲಿಯಲಾಗದು. ಮೆನುವೂ ಹಾಗೆಯೇ. ಮನೆಯಂಗಳದ ತುಳಸಿಕಟ್ಟೆಯನ್ನೇ ವಿಷಯವಾಗಿಟ್ಟುಕೊಂಡು ಒಂದು ವಾರದ ಅಭ್ಯಾಸ ಮಾಡಬಹುದು. ಮೊದಲ ದಿನ ದಿನಾಂಕ, ಗಾತ್ರ, ಗುಣಮಟ್ಟ. ಎರಡನೆಯ ದಿನ ಐಎಸ್‌ಒ 100ರಿಂದ ಕೊನೆಯವರೆಗೆ ಒಂದೊಂದು ಚಿತ್ರ. ಮೂರನೆಯ ದಿನ ವೈಟ್ ಬ್ಯಾಲೆನ್ಸಿನ ಎಲ್ಲ ಆಯ್ಕೆಗಳು. ನಾಲ್ಕನೆಯ ದಿನ ಕೂಡು-ಕಳೆ. ಐದನೆಯ ದಿನ ಫೋಕಸ್. ಆರನೆಯ ದಿನ ಕಿಂಡಿ ಮತ್ತು ವೇಗ. ಏಳನೆಯ ದಿನ ಎಲ್ಲ ಚಿತ್ರಗಳನ್ನೂ ಒಟ್ಟಿಗೆ ನೋಡಿ ವ್ಯತ್ಯಾಸವನ್ನು ಬರೆದಿಡಬೇಕು. ದಿನಕ್ಕೆ ಒಂದೇ ಆಯ್ಕೆಯನ್ನು ಬದಲಿಸಬೇಕು; ಗದ್ದೆಯ ಪ್ರಯೋಗದಲ್ಲಿ ಒಂದೇ ಗೊಬ್ಬರ ಬದಲಿಸಿ ನೋಡುವಂತೆ. ಎರಡು ಬದಲಾದರೆ ಫಲ ಯಾವುದರದೆಂದು ತಿಳಿಯುವುದಿಲ್ಲ.

ಇಲ್ಲಿ ವಿದ್ಯಾರ್ಥಿಗಳೂ ಹಿರಿಯರೂ ಜೊತೆಯಾಗಬೇಕು. ಮೆನುವಿನ ಇಂಗ್ಲಿಷ್ ಮಗಳಿಗೆ ಬೇಗ ಒಗ್ಗುತ್ತದೆ. ಯಾವ ಒರತೆ ಎಂದು ಬತ್ತುತ್ತಿತ್ತು, ಯಾವ ದರೆ ಮೊದಲು ಜರಿಯುತ್ತದೆ ಎಂಬುದು ಅಜ್ಜನಿಗೆ ಗೊತ್ತು. ಒಬ್ಬರ ಕೈ, ಇನ್ನೊಬ್ಬರ ಕಣ್ಣು ಸೇರಿದರೆ ಊರಿಗೊಂದು ದಾಖಲೆ ಸಿದ್ಧವಾಗುತ್ತದೆ. ಪ್ರತಿ ಊರೂ ನಾಲ್ಕೈದು ಜಾಗಗಳನ್ನು ಆರಿಸಿ, ಒಂದು ಕಲ್ಲು ನೆಟ್ಟು, ಅದೇ ಕಲ್ಲಿನ ಬಳಿ ನಿಂತು, ಲೆನ್ಸನ್ನು ಅಷ್ಟೇ ಹಿಗ್ಗಿಸಿ, ಮಳೆಗಾಲಕ್ಕೆ ಮುಂಚೆ ಒಮ್ಮೆ, ಮಳೆ ನಿಂತ ಮೇಲೆ ಒಮ್ಮೆ ಚಿತ್ರ ತೆಗೆದಿಡಬೇಕು. ಐದು ವರ್ಷಗಳ ಅಂತಹ ಹತ್ತು ಚಿತ್ರಗಳ ಮುಂದೆ ‘ಇಲ್ಲಿ ಏನೂ ಆಗಿಲ್ಲ’ ಎಂದು ಹೇಳುವುದು ಯಾರಿಗೂ ಸುಲಭವಲ್ಲ.

ಕ್ಯಾಮೆರಾದ ಆರೈಕೆಯ ಒಂದು ಮಾತು. ಮಲೆನಾಡಿನ ತೇವಕ್ಕೆ ಲೆನ್ಸಿನೊಳಗೆ ಬೂಸು ಬೆಳೆಯುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಡಬೇಕು. ವಾರಕ್ಕೊಮ್ಮೆ ಹೊರತೆಗೆದು ಬಳಸಬೇಕು. ಬಳಕೆಯಲ್ಲಿರುವ ಕ್ಯಾಮೆರಾದ ದಿನಾಂಕವೂ ತಪ್ಪುವುದಿಲ್ಲ, ಬಳಸುವವರ ಅಭ್ಯಾಸವೂ ತಪ್ಪುವುದಿಲ್ಲ.

ಮುಂದಿನ ಮುಂಗಾರು ಬರುವ ಮೊದಲು ಪ್ರತಿ ಮನೆಯ ಕ್ಯಾಮೆರಾದ ದಿನಾಂಕ ಸರಿಯಾಗಲಿ. ಪ್ರತಿ ಊರಿನ ಕಲ್ಲಿನ ಬಳಿ ಮೊದಲ ಚಿತ್ರ ಸಿದ್ಧವಾಗಲಿ.